ಎಡಮೂಲೆಯಲ್ಲಿ ಕೂತ ಭಾವ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದ ಸಾಹೇಬರನ್ನು ಊರಿನವರು ಎದುರಿಗೆ ಸಾಹೇಬರೆಂದೂ ಬೆನ್ನ ಹಿಂದೆ ಕೂದಲೆಳೆ ಸಾಹೇಬರೆಂದೂ ಕರೆಯುತ್ತಿದ್ದರು. ಯಾವ ಅಂಗಡಿಯ ತಕ್ಕಡಿಯನ್ನು ಎತ್ತಿ ಹಿಡಿದರೂ ಅವರ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಕೂದಲೆಳೆಯಷ್ಟು ವ್ಯತ್ಯಾಸ ಇದೆ. ಕೂದಲೆಳೆ ಅಂದ್ರೂ ವ್ಯತ್ಯಾಸ ವ್ಯತ್ಯಾಸವೇ." ಆಮೇಲೆ ಸೀಲು ಬೀಳುತ್ತಿತ್ತು. ಇದನ್ನು ಹೇಳಿ ಹೇಳಿ, ಮಾದರಿಗೆ ತೋರಿಸೋಣವೆಂದರೂ ಅವರ ತಲೆಯ ಮೇಲೆ ಒಂದೆಳೆ ಉಳಿದಿರಲಿಲ್ಲ. ಅದು ಬೇರೆ ವಿಷಯ.

ಸಾಹೇಬರ ಹೆಂಡತಿ ಊರಿಗೆಲ್ಲ ನರ್ಸಮ್ಮ. ಊರ ಪಕ್ಕದ ಸರೋವರದ ನಡುವೆ ಒಂದು ನಡುಗಡ್ಡೆ, ನಡುಗಡ್ಡೆಯ ಮೇಲೆ ಎರಡು ಕೋಣೆಯ ಆಸ್ಪತ್ರೆ, ಆಸ್ಪತ್ರೆಗೆ ಈಕೆಯೊಬ್ಬಳೇ ದಿಕ್ಕು. ಬೆಳಿಗ್ಗೆ ಸರ್ಕಾರಿ ಲಾಂಚಿನಲ್ಲಿ ಹೋಗಿ ಸಂಜೆ ಅದರಲ್ಲೇ ಮರಳುವುದು ಇಪ್ಪತ್ತೆರಡು ವರ್ಷದ ರೂಢಿ. ಒಂದು ದಿನ ಇಲಾಖೆಯಿಂದ ಕಾಗದ ಬಂತು. ಮುಂದಿನ ತಿಂಗಳಿನಿಂದ ಲಾಂಚು ಓಡುವುದಿಲ್ಲ. ತಪಾಸಣೆಯಾಗಿ ಪ್ರಮಾಣಪತ್ರ ಪಡೆದ ಸ್ವಂತ ದೋಣಿಯಲ್ಲಿ ಹೋಗಿ ಬರುವುದಾದರೆ ಸರಿ. ಇಲ್ಲವಾದರೆ ಆಸ್ಪತ್ರೆಗೆ ಬೀಗ, ನರ್ಸಮ್ಮನಿಗೆ ಒಂದು ಹಗಲು ಒಂದು ರಾತ್ರಿ ರೈಲಿನಲ್ಲಿ ಕೂತರೆ ಸಿಗುವ ಊರಿಗೆ ವರ್ಗ. ಆಕೆಯ ಸರ್ವಿಸ್ ಇನ್ನೂ ನಾಲ್ಕು ವರ್ಷ ಇತ್ತು.

ನರ್ಸಮ್ಮ ಕಾಗದವನ್ನು ಎರಡು ಸಲ ಓದಿ ಮಡಿಸಿಟ್ಟಳು. ಸಾಹೇಬರು ಟೀ ಕಪ್ಪು ಕೆಳಗಿಟ್ಟು, ತಕ್ಕಡಿ ಕೊಳ್ಳುವಷ್ಟೇ ಸಲೀಸಾಗಿ, ಒಂದು ಬೋಟ್ ತಗೊಂಡರಾಯಿತು ಎಂದರು.

"ನಿಮಗೆ ಈಜೋಕೇ ಬರಲ್ಲ," ಎಂದಳು ನರ್ಸಮ್ಮ.

"ನನಗೆ ಬರದೇ ಇದ್ರೇನು, ಬೋಟಿಗೆ ಬರುತ್ತಲ್ಲ."

ಆಗ ಮೇಜಿನ ಇನ್ನೊಂದು ತುದಿಯಲ್ಲಿ ನರ್ಸಮ್ಮನ ಅಣ್ಣ ಕೂತಿದ್ದರು. ಕೂತಿದ್ದರು ಎಂಬುದನ್ನು ಇಲ್ಲಿ ಸ್ವಲ್ಪ ಗೌರವದಿಂದ ಓದಬೇಕು. ಏಳು ಮಹಡಿಯ ಕಚೇರಿಯೊಂದರಲ್ಲಿ ಮೂವತ್ತಾರು ವರ್ಷ ಲಿಫ್ಟ್ ನಡೆಸಿದವರು ಅವರು. ಒಂದು ಸ್ಟೂಲಿನ ಮೇಲೆ ಕೂತು ಜೀವಮಾನವಿಡೀ ಮೇಲೆ ಕೆಳಗೆ ಓಡಾಡಿದ್ದರೇ ಹೊರತು ಅಕ್ಕಪಕ್ಕಕ್ಕೆ ಹೋದವರಲ್ಲ. ಆ ಸ್ಟೂಲು ಅವರಿಗೆ ಎರಡು ವಿದ್ಯೆ ಕಲಿಸಿತ್ತು: ಅಲುಗದೆ ಕೂರುವುದು, ಕೇಳಿದ್ದಕ್ಕಿಂತ ಹೆಚ್ಚು ಮಾತಾಡದಿರುವುದು. ದೇಹವೂ ಆ ವೃತ್ತಿಗೆ ತಕ್ಕ ಹಾಗೆ ಬೆಳೆದಿತ್ತು. ಮೂರು ವರ್ಷದ ಹಿಂದೆ ಹೆಂಡತಿ ತೀರಿಕೊಂಡು, ಅದೇ ತಿಂಗಳು ನಿವೃತ್ತಿಯೂ ಆದ ಮೇಲೆ ಅವರು ದಿನಾ ಬೆಳಿಗ್ಗೆ ಗಡ್ಡ ಹೆರೆದು, ಕೋಟು ಹಾಕಿಕೊಂಡು ತಂಗಿಯ ಮನೆಗೆ ಬಂದು ಕೂರುತ್ತಿದ್ದರು.

ಕೂರುತ್ತಿದ್ದುದು ಸಾಹೇಬರ ಕುರ್ಚಿಯಲ್ಲಿ. ಕಿಟಕಿಯ ಬೆಳಕು ಬೀಳುವ ಕುರ್ಚಿ ಅದೊಂದೇ. ಭಾವ, ಸ್ವಲ್ಪ ಏಳಿ ಎನ್ನುವ ಮಾತು ಮೂರು ವರ್ಷದಿಂದ ಸಾಹೇಬರ ನಾಲಿಗೆಯ ತುದಿಯಲ್ಲಿತ್ತು. ಆದರೆ ಹೆಂಡತಿಯ ಅಣ್ಣ, ವಯಸ್ಸಿನಲ್ಲಿ ಹಿರಿಯರು, ಮೇಲಾಗಿ ಒಂಟಿ. ಊರಿನ ತಕ್ಕಡಿಗಳಿಗೆಲ್ಲ ಸೀಲು ಹಾಕಿದ ಬಾಯಿಗೆ ಈ ವಿಷಯದಲ್ಲಿ ಮಾತ್ರ ಸೀಲು ಬಿದ್ದಿತ್ತು. ಸಾಹೇಬರು ದಿನಪತ್ರಿಕೆಯನ್ನು ಬಚ್ಚಲಿನ ದೀಪದ ಕೆಳಗೆ ನಿಂತು ಓದುವುದನ್ನು ಅಭ್ಯಾಸ ಮಾಡಿಕೊಂಡರು.

ಬೋಟು ಬಂತು. ಮರದ್ದು, ಹಳೆಯದು, ಬಣ್ಣ ಹೊಸದು. ಮೊದಲ ಓಟಕ್ಕೆ ಸಾಕ್ಷಿಗಳಾಗಿ ಪಕ್ಕದ ಮನೆಯ ನಿವೃತ್ತ ಟೀಚರಮ್ಮನೂ ಎದುರಿನ ಕ್ಷೌರದಂಗಡಿಯವನೂ ಹತ್ತಿದರು. ಇಂಜಿನ್ ಶುರುವಾದದ್ದೇ ತಡ, ಇಡೀ ಬೋಟಿಗೆ ಚಳಿಜ್ವರ ಬಂದ ಹಾಗಾಯಿತು. ನರ್ಸಮ್ಮನ ಊಟದ ಡಬ್ಬಿ ತನ್ನಷ್ಟಕ್ಕೆ ತಾನೇ ನಡೆದುಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಸಾಹೇಬರ ಕನ್ನಡಕ ಮೂಗಿನಿಂದ ಇಳಿದು ನೀರು ಪಾಲಾಯಿತು. ನಲವತ್ತು ವರ್ಷ ಮಕ್ಕಳಿಗೆ ಸ್ಪಷ್ಟ ಉಚ್ಚಾರಣೆ ಹೇಳಿಕೊಟ್ಟ ಟೀಚರಮ್ಮ ನಿಲ್ಲಿಸಿ ಎಂಬ ಒಂದು ಪದವನ್ನು ಹೇಳಿ ಮುಗಿಸುವುದರೊಳಗೆ ಬೋಟು ದಂಡೆಗೆ ವಾಪಸಾಗಿತ್ತು.

ದಂಡೆಯ ಮೇಲೆ ಸಭೆ ಸೇರಿತು. ಕ್ಷೌರದವನು ಇದು ಡೀಸೆಲ್ಲಿನ ದೋಷ ಎಂದ. ಟೀಚರಮ್ಮ ತನ್ನ ಹಲ್ಲಿನ ಸೆಟ್ಟನ್ನು ಸರಿಪಡಿಸಿಕೊಂಡು, ಬೋಟಿಗೆ ವಯಸ್ಸಾಗಿದೆ, ಬೆಳಗಿನ ಹೊತ್ತು ತನಗೂ ಹೀಗೇ ಕೈ ನಡುಗುತ್ತದೆ ಎಂದಳು. ಸಾಹೇಬರು ಯಾರ ಮಾತಿಗೂ ಸೊಪ್ಪು ಹಾಕದೆ ಮನೆಗೆ ಹೋಗಿ, ಬೋಟಿನ ಜೊತೆ ಬಂದಿದ್ದ ಎಣ್ಣೆ ಹಿಡಿದ ಪುಸ್ತಕವನ್ನು ಬಿಚ್ಚಿ, ಹಳೆಯ ಕನ್ನಡಕವೊಂದನ್ನು ಏರಿಸಿ, ಬಚ್ಚಲಿನ ದೀಪದ ಕೆಳಗೆ ನಿಂತು ಓದಿದರು. ಅರ್ಧ ಗಂಟೆಯ ಮೇಲೆ ಹೊರಬಂದಾಗ ಅವರ ಮುಖ ಬೆಳಗುತ್ತಿತ್ತು.

ವಿಷಯ ಇಷ್ಟೇ. ಇಂಜಿನ್ನಿನ ಹಿಂಬದಿಯಲ್ಲಿ ಊಟದ ತಟ್ಟೆಯಷ್ಟಗಲದ ಒಂದು ಕಬ್ಬಿಣದ ಬಿಲ್ಲೆ. ನೀರನ್ನು ತಳ್ಳುವ ಪ್ರೊಪೆಲರಿಗೆ ಹೋಗುವ ಉದ್ದನೆಯ ಶಾಫ್ಟಿನ ತುದಿಯಲ್ಲಿ ಅಂಥದೇ ಇನ್ನೊಂದು. ಎರಡೂ ಮುಖಕ್ಕೆ ಮುಖ ಕೊಟ್ಟು ನೆಟ್ಟಗೆ ಕೂರಬೇಕು. ಮೇಲೆ, ಕೆಳಗೆ, ಎಡ, ಬಲ, ನಾಲ್ಕು ಕಡೆಯೂ ನಡುವಿನ ಸಂದು ಒಂದೇ ಸಮ ಇರಬೇಕು. ಒಂದು ಕಡೆ ಕೂದಲೆಳೆಯಷ್ಟು ಹೆಚ್ಚಾದರೂ ಶಾಫ್ಟು ಓಲಾಡುತ್ತದೆ, ಬೋಟು ನಡುಗುತ್ತದೆ. ಪುಸ್ತಕದಲ್ಲಿ ಅಚ್ಚಾದ ಅಕ್ಷರದಲ್ಲಿ ಕೂದಲೆಳೆ ಎಂದೇ ಇತ್ತು. ತನ್ನ ಜೀವನದ ಮೂವತ್ತೊಂದು ವರ್ಷ ಯಾವುದಕ್ಕೆ ತಯಾರಿ ಎಂಬುದು ಸಾಹೇಬರಿಗೆ ಅಂದು ಹೊಳೆಯಿತು.

ದಂಡೆಯಲ್ಲಿ ಬೋಟು ರಿಪೇರಿಯ ಶೆಡ್ ಇಟ್ಟುಕೊಂಡ ಮಿಸ್ತ್ರಿಯೊಬ್ಬನಿದ್ದ. ಅವನನ್ನು ಕೇಳಿ ಎಂದು ನರ್ಸಮ್ಮ ಹೇಳಿದಳು. ಸಾಹೇಬರು ಕೇಳುವಂತಿರಲಿಲ್ಲ. ಹದಿನೈದು ವರ್ಷದ ಹಿಂದೆ, ಮಿಸ್ತ್ರಿ ಹಿತ್ತಾಳೆ ತೂಗುತ್ತಿದ್ದ ತಕ್ಕಡಿಗೆ ಸೀಲು ಹಾಕಿದವರು ಇವರೇ. ಈಗ ಅವನ ಮುಂದೆ ಹೋಗಿ ನನಗೆ ಅಳತೆ ಮಾಡಿಕೊಡಪ್ಪ ಎಂದರೆ ಇಲಾಖೆಯ ಮಾನ ಏನಾಗಬೇಕು. ಸಾಹೇಬರು ಬೋಟನ್ನು ದಂಡೆಗೆ ಎಳೆಸಿ, ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳ ಗೊಂಚಲೊಂದನ್ನು ಹಿಡಿದು ಇಂಜಿನ್ ಪೆಟ್ಟಿಗೆಯೊಳಕ್ಕೆ ತಲೆ ಹಾಕಿದರು. ಇಂಜಿನ್ನಿನ ನಾಲ್ಕು ಕಾಲುಗಳ ನಟ್ಟುಗಳನ್ನು ಒಂದಿಷ್ಟು ಏರಿಸುವುದು, ಅಳೆಯುವುದು, ಒಂದಿಷ್ಟು ಇಳಿಸುವುದು, ಅಳೆಯುವುದು. ಆರನೆಯ ದಿನ ನಾಲ್ಕೂ ಸಂದು ಸಮವಾಯಿತು. ಟೀಚರಮ್ಮನನ್ನು ಕರೆದು ತೋರಿಸಿ, ಆಕೆಯ ಸಹಿಯನ್ನೂ ಪಡೆದರು.

ಬೋಟು ನೀರಿಗಿಳಿಯಿತು. ಇಂಜಿನ್ ಶುರುವಾಯಿತು. ಚಳಿಜ್ವರ ಮರಳಿ ಬಂತು, ಈ ಸಲ ಕೆಮ್ಮಿನ ಸಮೇತ.

ಮಿಸ್ತ್ರಿ ಶೆಡ್ಡಿನ ಬಾಗಿಲಲ್ಲಿ ನಿಂತು ಟೀ ಹೀರುತ್ತ ನೋಡುತ್ತಿದ್ದವನು ಆಗ ಬಾಯಿ ಬಿಟ್ಟ. ಅವನ ದನಿಯಲ್ಲಿ ಹಳೆಯ ಸೀಲಿನ ನೆನಪೇನೂ ಇರಲಿಲ್ಲ, ಅದೇ ಸಾಹೇಬರಿಗೆ ಹೆಚ್ಚು ಚುಚ್ಚಿತು. "ದಿಮ್ಮಿ ಮೇಲೆ ಇಟ್ಟಾಗ ಬೋಟಿನ ಹೊಟ್ಟೆ ಒಂಥರ ಇರುತ್ತೆ, ನೀರಲ್ಲಿ ಇನ್ನೊಂಥರ ಸಾರ್. ನಿಂತಾಗ ಹೊಲಿಸಿದ ಪ್ಯಾಂಟು ಕೂತಾಗ ಬಿಗಿಯಲ್ವಾ, ಹಂಗೆ. ನೀರಲ್ಲಿಟ್ಟೇ ಅಳೀಬೇಕು." ಸಾಹೇಬರು ಇದು ನನಗೆ ಗೊತ್ತಿದ್ದದ್ದೇ ಎಂಬಂತೆ ತಲೆಯಾಡಿಸಿ ಮನೆಗೆ ಬಂದರು.

ಮರುದಿನದಿಂದ ನೀರಿನಲ್ಲೇ ಅಳತೆ ಶುರುವಾಯಿತು. ನರ್ಸಮ್ಮ ಕೊನೆಯ ದಿನಗಳ ಲಾಂಚು ಹತ್ತಿ ಹೋಗುತ್ತಿದ್ದಳು. ಸಾಹೇಬರು ದಿನವಿಡೀ ನೀರಿನ ಮೇಲೆ, ಮನೆಗೆ ಬೀಗ. ಹಾಗಾಗಿ ಕೂರಲು ಜಾಗವಿಲ್ಲದ ಭಾವ ಬೋಟಿಗೇ ಬಂದು ಕೂರತೊಡಗಿದರು. ಬೋಟಿನ ಹಿಂಬದಿಯ ಎಡಮೂಲೆಯಲ್ಲಿ ಹಗ್ಗ ಇಡುವ ಒಂದು ಪೆಟ್ಟಿಗೆ ಇತ್ತು. ಅದು ಅಳತೆಯಲ್ಲಿ ಹೆಚ್ಚುಕಡಿಮೆ ಲಿಫ್ಟಿನ ಸ್ಟೂಲಿನಷ್ಟೇ ಇತ್ತು. ಭಾವ ಅದರ ಮೇಲೆ ಕೂತರು, ಬೋಟು ಒಂದು ಸಲ ನಿಟ್ಟುಸಿರು ಬಿಟ್ಟು ಆ ಕಡೆ ತುಸು ವಾಲಿತು, ಆಮೇಲೆ ಸಂಜೆಯವರೆಗೆ ಇಬ್ಬರೂ ಅಲುಗಲಿಲ್ಲ.

ಸಾಹೇಬರಿಗೆ ಬೇಕಾದ ಸ್ಪ್ಯಾನರು ಯಾವಾಗಲೂ ಆ ಪೆಟ್ಟಿಗೆಯ ಒಳಗೇ ಇರುತ್ತಿತ್ತು. ಭಾವ, ಏಳಿ ಎನ್ನಬೇಕು. ಎನ್ನಲಾರರು. ಕೊನೆಗೆ ಅಂಗಡಿಗೆ ಹೋಗಿ ಅದೇ ಅಳತೆಯ ಇನ್ನೊಂದು ಸ್ಪ್ಯಾನರ್ ತಂದರು. ಒಂಬತ್ತು ದಿನ ಹೀಗೆ ಕಳೆಯಿತು. ಒಂಬತ್ತನೆಯ ದಿನ ಮಧ್ಯಾಹ್ನ ನಾಲ್ಕೂ ಸಂದು ಸಮ. ಎರಡು ಬಿಲ್ಲೆಗಳನ್ನು ಬೋಲ್ಟ್ ಹಾಕಿ ಬಿಗಿದು, ಇಂಜಿನ್ ಶುರು ಮಾಡಿ, ಭಾವನನ್ನು ಹಾಗೆಯೇ ಕೂರಿಸಿಕೊಂಡು ಸರೋವರದಲ್ಲಿ ಒಂದು ಸುತ್ತು ಹಾಕಿದರು. ಬೋಟು ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಸಾಹೇಬರು ಎಷ್ಟು ಸಂತೋಷಪಟ್ಟರೆಂದರೆ ದಂಡೆಯಲ್ಲಿದ್ದ ಮಿಸ್ತ್ರಿಗೂ ಕೈ ಬೀಸಿದರು.

"ಹೇಗಿದೆ ಭಾವ?" ಎಂದು ಕೇಳಿದರು.

ಭಾವ ಯೋಚಿಸಿ ಹೇಳಿದರು, "ಮಹಡಿ ಬರಲಿಲ್ಲ, ಅಷ್ಟೇ."

ತಪಾಸಣಾಧಿಕಾರಿ ಬರುವ ದಿನ ಗೊತ್ತಾಯಿತು. ಮೂರು ತಿಂಗಳಿಗೊಮ್ಮೆ ಬರುವವರು, ಒಂದು ದಿನವಿದ್ದು ಸಂಜೆ ನಾಲ್ಕರ ಬಸ್ಸಿಗೆ ಹೊರಟುಹೋಗುವವರು. ಅವತ್ತು ಆಗಲಿಲ್ಲವೆಂದರೆ ನರ್ಸಮ್ಮ ಪೆಟ್ಟಿಗೆ ಕಟ್ಟುವುದೇ. ಸಾಹೇಬರು ಹಿಂದಿನ ದಿನವಿಡೀ ಒಂದೇ ಚಿಂತೆ ಮಾಡಿದರು: ಅಧಿಕಾರಿಯ ಎದುರು ಭಾವ ಹಗ್ಗದ ಪೆಟ್ಟಿಗೆಯ ಮೇಲೆ ಕೂತಿದ್ದರೆ ಚೆನ್ನಾಗಿ ಕಾಣುತ್ತದೆಯೇ. ಬರಬೇಡಿ ಎನ್ನುವ ಧೈರ್ಯವಿಲ್ಲ. ಅದಕ್ಕೇ, ಭಾವನ ಕಣ್ಣು ಯಾಕೋ ಮಂಜಾದಂತಿದೆ, ನಾಳೆ ಬೆಳಿಗ್ಗೆಯೇ ಕಣ್ಣಿನ ಆಸ್ಪತ್ರೆಗೆ ಹೋಗಿಬರಲಿ ಎಂದು ಹೆಂಡತಿಯ ಕಿವಿಯಲ್ಲಿ ಹಾಕಿದರು. ನರ್ಸಮ್ಮನಿಗೆ ಗಂಡನ ಈ ಕಾಳಜಿ ಕಂಡು ಕಣ್ಣು ತುಂಬಿ ಬಂತು. ಸಾಹೇಬರಿಗೆ ಒಳಗೊಳಗೇ ಸ್ವಲ್ಪ ನಾಚಿಕೆಯಾಯಿತು.

ಅಧಿಕಾರಿ ಕಡ್ಡಿಯಂಥ ಮನುಷ್ಯ. ಅವರ ಬಳಿ ಇದ್ದ ಉಪಕರಣ ಒಂದೇ, ಒಂದು ಗಾಜಿನ ಲೋಟ. ಅದರ ತುಂಬ, ಅಂಚಿನವರೆಗೆ ನೀರು ಹಾಕಿ ಇಂಜಿನ್ ಪೆಟ್ಟಿಗೆಯ ಮೇಲಿಟ್ಟರು. ನೀರು ಚೆಲ್ಲದಿದ್ದರೆ ಪಾಸು, ಚೆಲ್ಲಿದರೆ ಇಲ್ಲ. ರಜೆ ಹಾಕಿ ಬಂದಿದ್ದ ನರ್ಸಮ್ಮ ಮುಂದೆ ಕೂತಳು, ಸಾಹೇಬರು ಚುಕ್ಕಾಣಿ ಹಿಡಿದರು, ದಂಡೆಯ ಮೇಲೆ ಅರ್ಧ ಊರು ನಿಂತಿತು. ಇಂಜಿನ್ ಶುರುವಾಯಿತು.

ಲೋಟ ಮೊದಲು ಒಂದು ಸಣ್ಣ ಹೆಜ್ಜೆ ಇಟ್ಟಿತು, ಆಮೇಲೆ ಕುಣಿಯಿತು, ಆಮೇಲೆ ಅಧಿಕಾರಿಯ ಕಾಗದಗಳ ಮೇಲೆ ಮಗುಚಿಕೊಂಡಿತು.

ಇದು ಬಹಳ ಸ್ವಲ್ಪ, ಬರೀ ಒಂದು ಕೂದಲೆಳೆ ಎಂದು ಸಾಹೇಬರು ತೊದಲಿದರು. ಅಧಿಕಾರಿ ಒದ್ದೆ ಕಾಗದವನ್ನು ಕೊಡವುತ್ತ ಹೇಳಿದರು, "ಕೂದಲೆಳೆ ಅಂದ್ರೂ ವ್ಯತ್ಯಾಸ ವ್ಯತ್ಯಾಸವೇ." ದಂಡೆಯ ಮೇಲೆ ನಿಂತಿದ್ದ ಹನ್ನೊಂದು ಅಂಗಡಿಕಾರರು ಒಟ್ಟಿಗೆ ಆಕಾಶ ನೋಡಿದರು. ನಗಬಹುದಿತ್ತು, ಯಾರೂ ನಗಲಿಲ್ಲ. ಅವರಲ್ಲಿ ಒಬ್ಬೊಬ್ಬರ ಮನೆಗೂ ಯಾವುದೋ ಒಂದು ಜ್ವರದಲ್ಲಿ ನರ್ಸಮ್ಮ ನಡೆದು ಬಂದಿದ್ದಳು.

ನಾಲ್ಕು ಗಂಟೆಗೆ ಇನ್ನು ಎರಡೂವರೆ ತಾಸು. ಸಾಹೇಬರು ಬೋಲ್ಟ್ ಬಿಚ್ಚಿ ಅಳೆದರು. ಎಡಗಡೆ ಕೆಳಗೆ ಸಂದು ಬಾಯಿ ಬಿಟ್ಟಿತ್ತು. ನಾಲ್ಕು ದಿನದ ಹಿಂದೆ ಸರಿಯಿದ್ದದ್ದು ಈಗ ಯಾಕಿಲ್ಲ ಎಂಬುದು ಅವರ ಬುದ್ಧಿಗೆ ನಿಲುಕಲಿಲ್ಲ. ಆಗ ಅವರು ಹದಿನೈದು ವರ್ಷದಲ್ಲಿ ಮಾಡದ ಕೆಲಸ ಮಾಡಿದರು. ಮಿಸ್ತ್ರಿಯ ಶೆಡ್ಡಿನವರೆಗೆ ನಡೆದುಹೋಗಿ, "ನನಗೆ ಗೊತ್ತಾಗ್ತಿಲ್ಲಪ್ಪ, ಒಂಚೂರು ಬಂದು ನೋಡ್ತೀಯಾ," ಎಂದರು. ಮಿಸ್ತ್ರಿ ಟೀ ಲೋಟ ಅಲ್ಲೇ ಇಟ್ಟು ಎದ್ದು ಬಂದ.

ಅವನು ಯಾವ ನಟ್ಟನ್ನೂ ಮುಟ್ಟಲಿಲ್ಲ. ಅಳತೆ ಮಾಡಿದ ದಿನ ಬೋಟಿನಲ್ಲಿ ಇದ್ದದ್ದು, ಇವತ್ತು ಇಲ್ಲದ್ದು ಏನು ಎಂದಷ್ಟೇ ಕೇಳಿದ. ಸಾಹೇಬರು ಡೀಸೆಲ್, ಹಗ್ಗ, ಲಂಗರು, ಎರಡು ಸ್ಪ್ಯಾನರು ಎಂದು ಎಣಿಸುತ್ತ ಬಂದು ಹಗ್ಗದ ಪೆಟ್ಟಿಗೆಯ ಹತ್ತಿರ ನಿಂತರು. ಅದರ ಮುಚ್ಚಳದ ಮೇಲೆ ಬಣ್ಣ ಸವೆದು ಎರಡು ದುಂಡನೆಯ ಗುರುತು ಬಿದ್ದಿದ್ದವು.

"ಭಾವ," ಎಂದರು ಸಾಹೇಬರು.

ಮಿಸ್ತ್ರಿ ತಲೆಯಾಡಿಸಿದ. ಹಳೆಯ ಮರದ ಬೋಟು, ಮೂಲೆಯಲ್ಲಿ ಭಾರ ಕೂತರೆ ಹೊಟ್ಟೆ ಬಾಗುತ್ತದೆ, ಬಾಗಿದ ಹೊಟ್ಟೆಗೆ ತಕ್ಕ ಹಾಗೆ ನೀವು ಇಂಜಿನ್ ಕೂರಿಸಿದ್ದೀರಿ ಎಂದು ವಿವರಿಸಿದ. ಹೊಸದಾಗಿ ಅಳೆಯಲು ಒಂದು ದಿನ ಬೇಕು, ಇರುವುದು ಎರಡು ತಾಸು. ಇನ್ನು ಅಷ್ಟೇ ಭಾರ ಹೇರುವುದೊಂದೇ ದಾರಿ. ಎಷ್ಟು ಭಾರ ಎಂದು ಎಲ್ಲರೂ ಸಾಹೇಬರ ಮುಖ ನೋಡಿದರು. ಊರಿನ ಸಕ್ಕರೆ, ಸಿಮೆಂಟು, ಚಿನ್ನ ಎಲ್ಲವನ್ನೂ ತೂಗಿದ ಮನುಷ್ಯ ಭಾವನನ್ನು ಮಾತ್ರ ತೂಗಿರಲಿಲ್ಲ. ಹೆಂಡತಿಯ ಅಣ್ಣನಿಗೆ ತಕ್ಕಡಿ ಹತ್ತಿ ಎಂದು ಯಾರು ಹೇಳುತ್ತಾರೆ.

ಸಂತೆಯಂತೆ ಪ್ರಯೋಗ ನಡೆಯಿತು. ಕ್ಷೌರದವನು ಕೂತ, ಸಾಲದು. ಅವನ ಪಕ್ಕ ಟೀಚರಮ್ಮ ಕೂತಳು, ಹೆಚ್ಚಾಯಿತು. ಕ್ಷೌರದವನು ಬರೀ ಅರ್ಧ ಕೂತು ನೋಡಿದ. ತೂಕ ಹತ್ತಿರ ಹತ್ತಿರ ಬಂದರೂ ಅವನು ಕತ್ತರಿ ಹಿಡಿಯುವ ಕೈ ಸುಮ್ಮನಿರಲೊಲ್ಲದು, ಟೀಚರಮ್ಮ ಅವನಿಗೆ ನೆಟ್ಟಗೆ ಕೂರುವ ಪಾಠ ಹೇಳುವುದನ್ನು ನಿಲ್ಲಿಸಲೊಲ್ಲಳು. ಅಲುಗದೆ ಕೂರುವುದು ಎಷ್ಟು ದೊಡ್ಡ ವಿದ್ಯೆ ಎಂಬುದು ಸಾಹೇಬರಿಗೆ ಅಂದು ಗೊತ್ತಾಯಿತು. ಅವರು ಬೋಟಿನಿಂದ ಹಾರಿ, ಮೂವತ್ತು ವರ್ಷದಲ್ಲಿ ಮೊದಲ ಸಲ, ರಸ್ತೆಯಲ್ಲಿ ಓಡಿದರು.

ಕಣ್ಣಿನ ಆಸ್ಪತ್ರೆಯಲ್ಲಿ ಭಾವನ ಎರಡೂ ಕಣ್ಣಿಗೆ ಔಷಧಿ ಹಾಕಿ ಬೆಂಚಿನ ಮೇಲೆ ಕೂರಿಸಿದ್ದರು. ಏನೂ ಕಾಣಿಸದ ಭಾವ ಹೆಜ್ಜೆಯ ಸದ್ದು ಕೇಳಿ, ಯಾರು ಎಂದರು.

"ನಾನು. ಭಾವ, ನಿಮ್ಮ ಕಣ್ಣಿಗೇನೂ ಆಗಿರಲಿಲ್ಲ. ನೀವು ಅಲ್ಲಿರೋದು ಬೇಡ ಅಂತ ನಾನೇ ಕಳಿಸಿದ್ದು. ತಪ್ಪಾಯ್ತು. ನೀವು ಕೂತ್ರೇನೇ ಬೋಟು ಹೋಗೋದು. ನೀವು ಬರದಿದ್ರೆ ನಿಮ್ಮ ತಂಗಿ ಊರು ಬಿಡಬೇಕಾಗುತ್ತೆ."

ಭಾವ ಬೆಂಚಿನ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿದರು. "ನನಗೆ ಗೊತ್ತಿತ್ತು," ಎಂದರು, "ಲಿಫ್ಟಲ್ಲಿ ಯಾರಿಗೆ ಯಾವಾಗ ಜಾಗ ಬೇಕು ಅಂತ ಹೇಳದೆಯೇ ಗೊತ್ತಾಗುತ್ತೆ. ಹೋಗೋಕೆ ಬೇರೆ ಜಾಗ ಇರಲಿಲ್ಲ, ಅದಕ್ಕೆ ಬರ್ತಿದ್ದೆ." ಆಮೇಲೆ ಕೈ ಚಾಚಿ, "ನಡೀರಿ ಸಾಹೇಬ್ರೇ," ಎಂದರು.

ಕಪ್ಪು ಕನ್ನಡಕದ ಭಾವನನ್ನು ಕೈ ಹಿಡಿದು ನಡೆಸಿಕೊಂಡು ಸಾಹೇಬರು ದಂಡೆಗೆ ಬಂದಾಗ ಮೂರು ಗಂಟೆ ಹತ್ತು ನಿಮಿಷ. ಅಧಿಕಾರಿ, ಕಣ್ಣು ಕಾಣದವರನ್ನು ಯಾಕೆ ಹತ್ತಿಸುತ್ತೀರಿ ಎಂದು ಕೇಳಿದರು. ಈ ಕೆಲಸಕ್ಕೆ ಕಣ್ಣು ಬೇಕಾಗಿಲ್ಲ ಎಂದು ಮಿಸ್ತ್ರಿ ಬೋಲ್ಟ್ ಬಿಗಿಯುತ್ತ ಉತ್ತರಿಸಿದ. ಭಾವ ತಡವರಿಸಿ ಹಗ್ಗದ ಪೆಟ್ಟಿಗೆಯ ಮೇಲೆ ಕೂತರು. ಬೋಟು ನಿಟ್ಟುಸಿರು ಬಿಟ್ಟಿತು. ಲೋಟದಲ್ಲಿ ಅಂಚಿನವರೆಗೆ ನೀರು. ನಡುಗಡ್ಡೆಯವರೆಗೆ ಹೋಗಿ ತಿರುಗಿ ಬಂದರು. ಒಂದು ಹನಿ ಚೆಲ್ಲಲಿಲ್ಲ. ಇಳಿಯುವ ಮುಂಚೆ ಅಧಿಕಾರಿ ಬಾಯಾರಿಕೆಯಾಗಿ ಆ ನೀರನ್ನೇ ಕುಡಿದರು.

ಆದರೆ ಅವರು ನಿಯಮದ ಮನುಷ್ಯ. ಇವರು ಇದ್ದರೆ ಮಾತ್ರ ಬೋಟು ಸರಿ ಎಂದಾದರೆ ಇವರು ದಿನಾ ಇರುತ್ತಾರೆಂಬುದಕ್ಕೆ ಏನು ಖಾತ್ರಿ ಎಂದು ಕೇಳಿದರು. ಭಾವ ಕನ್ನಡಕದ ಹಿಂದಿನಿಂದ, ಮೂವತ್ತಾರು ವರ್ಷದಲ್ಲಿ ತಾನು ರಜೆ ಹಾಕಿದ್ದು ಎರಡೇ ದಿನ, ಒಂದು ಮದುವೆಗೆ, ಒಂದು ಹೆಂಡತಿ ಹೋದಾಗ ಎಂದರು. ಅಧಿಕಾರಿ ಪೆನ್ನು ತೆಗೆದು ಪ್ರಮಾಣಪತ್ರದಲ್ಲಿ 'ಬೋಟಿನಲ್ಲಿ ಕಡ್ಡಾಯವಾಗಿ ಇರಬೇಕಾದ ಸಾಮಗ್ರಿಗಳು' ಎಂಬ ಪಟ್ಟಿಯಲ್ಲಿ, ಲಂಗರು ಒಂದು, ಹಗ್ಗ ಎರಡು, ಇವುಗಳ ಕೆಳಗೆ, 'ಭಾವ: ಒಂದು' ಎಂದು ಬರೆದು ಮೊಹರು ಹಾಕಿದರು. ನರ್ಸಮ್ಮ ಅಣ್ಣನ ಭುಜಕ್ಕೆ ತಲೆಯಿಟ್ಟು ಎಲ್ಲರೆದುರೇ ಅತ್ತುಬಿಟ್ಟಳು. ಸಾಹೇಬರು ತಮ್ಮ ಕಣ್ಣಿಗೂ ಯಾರೋ ಔಷಧಿ ಹಾಕಿದಂತೆ ನಿಂತಿದ್ದರು.

ಅಂದಿನಿಂದ ಭಾವ ಬೆಳಿಗ್ಗೆ ಏಳಕ್ಕೆ ಕೋಟು ಹಾಕಿಕೊಂಡು ದಂಡೆಯಲ್ಲಿ ಹಾಜರು. ನಡುಗಡ್ಡೆಯಲ್ಲಿ ತಂಗಿಯ ಔಷಧಿ ಪೆಟ್ಟಿಗೆಯನ್ನು ಗುಡ್ಡದ ಮೇಲಿನ ಆಸ್ಪತ್ರೆಗೆ ಹೊತ್ತು ಹತ್ತುವುದೂ ಅವರೇ. ಅಲ್ಲಿನವರು ಅವರಿಗೆ ಆಸ್ಪತ್ರೆಯ ಜಗಲಿಯಲ್ಲಿ ಒಂದು ಸ್ಟೂಲು ಮಾಡಿಸಿಕೊಟ್ಟರು. ಸಂಜೆ ಮೂವರೂ ಬೋಟಿನಲ್ಲಿ ಮರಳಿದ ಮೇಲೆ ಕಿಟಕಿ ಪಕ್ಕದ ಕುರ್ಚಿ ಸಾಹೇಬರ ಪಾಲಿಗೆ ಬಂತು. ಅದರಲ್ಲಿ ಕೂತು ದಿನಪತ್ರಿಕೆ ಓದಿದರೆ ಯಾಕೋ ಮೊದಲಿನ ರುಚಿ ಇಲ್ಲ ಎಂದು ಅವರು ಟೀಚರಮ್ಮನ ಹತ್ತಿರ ಹೇಳಿಕೊಂಡರು.

ಏಳು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಸಾಹೇಬರಿಗೆ ಚುಕ್ಕಾಣಿಯಲ್ಲಿ ಒಂದು ಸಣ್ಣ ನಡುಕ ಸಿಕ್ಕಿತು. ಮರುದಿನ ನಡುಕವಿರಲಿಲ್ಲ. ಅದರ ಮರುದಿನ ಮತ್ತೆ ಇತ್ತು. ಭಾನುವಾರ ಬೋಲ್ಟ್ ಬಿಚ್ಚಿ ಕೂತರು. ಭಾವ ಹಗ್ಗದ ಪೆಟ್ಟಿಗೆಯ ಮೇಲೆ ಕೂರುವಾಗ ಅವರ ಕೋಟಿನ ಜೇಬಿನಿಂದ ಖಣಖಣ ಸದ್ದು ಬಂತು. ಸಾಹೇಬರು ತಲೆಯೆತ್ತಿ ನೋಡಿದರು. ಕೋಟು ಭಾವನ ಮೈಮೇಲೆ ಜೋತುಬಿದ್ದಿತ್ತು. ದಿನಾ ದಂಡೆಗೆ ನಡೆದು, ಗುಡ್ಡ ಹತ್ತಿ, ಮನುಷ್ಯ ಇಳಿದುಹೋಗಿದ್ದರು.

ಭಾವ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಜೇಬಿನೊಳಗಿದ್ದದ್ದನ್ನು ಒಂದೊಂದಾಗಿ ತೆಗೆದು ಹಲಗೆಯ ಮೇಲಿಟ್ಟರು. ಮಿಸ್ತ್ರಿಯ ಶೆಡ್ಡಿನ ಹಳೆಯ ನಟ್ಟುಗಳು, ಎರಡು ಬೇರಿಂಗು, ಒಂದು ಸುತ್ತಿಗೆಯ ತಲೆ. "ತೂಕ ಕಮ್ಮಿಯಾಗ್ತಾ ಇದೆ ಅಂತ ಗೊತ್ತಾದ್ರೆ ನೀವು ಬೇಡ ಅಂತೀರೇನೋ ಅಂದ್ಕೊಂಡೆ," ಎಂದರು. "ಕೆಲವು ದಿನ ಜೇಬಿಗೆ ಹಾಕೋದು ಮರೆತುಹೋಗ್ತಿತ್ತು."

ದಂಡೆಯಿಂದ ಇದನ್ನೆಲ್ಲ ನೋಡುತ್ತಿದ್ದ ಮಿಸ್ತ್ರಿ ಹತ್ತಿರ ಬಂದು, ಈಗ ಸಮಯವಿದೆ, ಭಾವನವರ ಭಾರವೇ ಬೇಡದ ಹಾಗೆ ಕೆಳಗೊಂದು ಮರದ ತೊಲೆ ಬಿಗಿದು, ಇಂಜಿನ್ನನ್ನು ಒಂದೇ ಸಲಕ್ಕೆ ಸರಿ ಮಾಡಿಬಿಡುತ್ತೇನೆ, ಆಮೇಲೆ ಯಾರು ಕೂತರೂ ಯಾರು ಬಿಟ್ಟರೂ ಒಂದೇ ಎಂದ. ಅಳತೆಯ ಮಟ್ಟಿಗೆ ಅದೇ ಸರಿಯಾದ ದಾರಿ ಎಂಬುದು ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಭಾವ ಆ ಮಾತು ಕೇಳಿ, ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಪೆಟ್ಟಿಗೆಯ ಅಂಚು ಹಿಡಿದು ಮೆಲ್ಲಗೆ ಎದ್ದರು.

ಸಾಹೇಬರು ಉಕ್ಕಿನ ಪಟ್ಟಿಗಳ ಗೊಂಚಲನ್ನು ಕೈಗೆ ತೆಗೆದುಕೊಂಡರು. ಇಂಜಿನ್ ಪೆಟ್ಟಿಗೆಯೊಳಕ್ಕೆ ತಲೆ ಹಾಕುವ ಮುಂಚೆ, ಹತ್ತಿರ ಹತ್ತಿರ ನಾಲ್ಕು ವರ್ಷದಿಂದ ನಾಲಿಗೆಯ ತುದಿಯಲ್ಲಿ ಕಾದಿದ್ದ ಮಾತನ್ನು ಪೂರ್ತಿ ತಿರುವಿ ಹೇಳಿದರು.

"ಏಳಬೇಡಿ ಭಾವ. ಕೂತ್ಕೊಳ್ಳಿ. ನೀವೀಗ ಎಷ್ಟಿದ್ದೀರೋ ಅಷ್ಟಕ್ಕೇ ಅಳೀತೀನಿ."